ಸದ್ದಿಲ್ಲದ ಆಟೋ

ಲೇ ಜಂಬುನಾಥ, ಹೆತ್ತವಳಿಗೆ ಒಂದು ವಿಳಾಸವನ್ನೂ ಕೊಡದೆ ಹೋದ ಭಂಡ, ಈ ಕಾಗದವನ್ನು ಎಲ್ಲಿಗಂತ ಹಾಕಲಿ?

ಇವತ್ತು ನಿನ್ನ ಡೀಸೆಲ್ ಆಟೋ ಹೋಯಿತು. ಅದನ್ನು ಕೊಟ್ಟು ನಿನ್ನ ಹೆಂಡತಿ ಜ್ಯೋತಿಲಕ್ಷ್ಮಿ ಕರೆಂಟಿನ ಆಟೋ ತಂದಳು. ಸಿರುಗುಪ್ಪದ ಬಸ್ ಸ್ಟ್ಯಾಂಡಿನಿಂದ ಇನ್ನು ಅವಳೇ ಓಡಿಸುತ್ತಾಳೆ. ಚಕ್ರದಡಿ ನಿಂಬೆಹಣ್ಣಿಟ್ಟು, ಇಂಜಿನ್ ಸದ್ದು ಬಂದಮೇಲೆ ಕಾಯಿ ಒಡೆಯೋಣವೆಂದು ನಿಂತೆ. ಹಣ್ಣು ಅಪ್ಪಚ್ಚಿಯಾಗಿ, ಗಾಡಿ ಓಣಿಯ ತಿರುವು ಸೇರಿದರೂ ನಾನು ಕಾಯಿ ಹಿಡಿದೇ ನಿಂತಿದ್ದೆ.

“ಅತ್ತಿ, ಯಾರನ್ನ ಕಾಯಾಕ್ಹತ್ತೀರಿ? ಒಡೀರಿ!” ಎಂದು ಅವಳು ಅಲ್ಲಿಂದಲೇ ಕೂಗಿದಳು. ಓಣಿಯೆಲ್ಲ ನಕ್ಕಿತು. ಹಿಂದಿನ ಸೀಟಿನಲ್ಲಿದ್ದ ನಿನ್ನ ಮಗಳು ಮೌನಿಕಾ ಮಾತ್ರ ನಗಲಿಲ್ಲ.

ತೆಕ್ಕಲಕೋಟೆ ರಸ್ತೆಯಲ್ಲಿ ನಿನ್ನ ಆಟೋ ಗುಡುಗುಡು ಎಂದರೆ ಹೆಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದೆ. ಅವತ್ತೊಂದು ದಿನ, “ನಿನ್ನ ಹೊಗಿ ಡಬ್ಬಿ ತಗೊಂಡು ಎಲ್ಲ್ಯಾರ ಹಾಳಾಗಿ ಹೋಗು” ಅಂದುಬಿಟ್ಟೆ. ನೀನು ಡಬ್ಬಿಯನ್ನು ಬಿಟ್ಟು ಹೋದೆ.

ಈಗ ನನ್ನ ಕಣ್ಣು ಮಂಜು. ಗಾಡಿಗಳೂ ಸದ್ದಿಲ್ಲದೆ ಬರುತ್ತವೆ. ನೀನು ಬಾಗಿಲಿಗೆ ಬಂದು ನಿಂತರೂ ನನಗೆ ತಿಳಿಯುವುದು ಹೇಗೆ? ಹೆಂಚು ಯಾವತ್ತು ಕಾಯಿಸಬೇಕೆಂದು ಈ ತಿಂಗಳು ಮುಗಿಯುವುದರೊಳಗೆ ಬರೆದು ತಿಳಿಸು, ಲೇ.