ಅರಬೆಲ್ಲಾಳ ಕಲ್ಲಿನ ಖಾಲಿ ಜಾಗ

ನಮ್ಮೂರ ಚರ್ಚಿನಲ್ಲಿ ಗಂಡನ ಪಕ್ಕ ಕಲ್ಲಾಗಿ ಮಲಗಿರುವ ಲೇಡಿ ಅರಬೆಲ್ಲಾಗೆ, ಹಾಲ್ಟ್‌ವೆಲ್ ಬಂಗಲೆಯ ಸೊಸೆ ಹೆಸ್ಟರ್ ಬರೆಯುವುದು.

ನಿಮ್ಮನ್ನು ‘ನೀವು’ ಎಂದೇ ಕರೆಯಬೇಕು. ನೀವು ನನ್ನ ಗಂಡನ ಮುತ್ತಜ್ಜಿಯರಿಗೂ ಮುತ್ತಜ್ಜಿ. ಆದರೆ ಇವತ್ತು ಬೆಳಿಗ್ಗೆ ನಿಮ್ಮ ತಲೆ ಬಾಚಿ, ರಿಬ್ಬನ್ ಕಟ್ಟಿ, ಕಾಲಿಗೆ ಬೂಟು ಹಾಕಿದವಳು ನಾನೇ. ಆರು ವರ್ಷದ ಮೈಗೆ ‘ನೀವು’ ಅನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. ನೀನು ಎನ್ನುತ್ತೇನೆ, ಬೇಸರ ಬೇಡ.

ನಾನು ಬ್ರಿಸ್ಟಲ್ಲಿನ ಸಕ್ಕರೆ ವ್ಯಾಪಾರಿಯ ಮಗಳು. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಆಂಬ್ರೋಸ್ ನನ್ನನ್ನು ಚರ್ಚಿಗೆ ಕರೆದುಕೊಂಡು ಹೋಗಿ ನಿನ್ನನ್ನು ತೋರಿಸಿದ. ನಿನ್ನ ಗಂಡ ಸರ್ ಜರ್ವೇಸ್ ತಾವಿಬ್ಬರೂ ಬದುಕಿದ್ದಾಗಲೇ ಈ ಗೋರಿ ಕಟ್ಟಿಸಿದನಂತೆ. ಆಗಿನ ದೊಡ್ಡವರ ರೂಢಿಯೇ ಅದು. ನೀವಿಬ್ಬರೂ ಅಂಗಾತ ಮಲಗಿದ್ದೀರಿ, ಎದೆಯ ಮೇಲೆ ಕೈ ಜೋಡಿಸಿಕೊಂಡು. ನಿನ್ನ ಎಡಗೈಯ ಕಿರುಬೆರಳನ್ನು ಹಿಂದೆ ಯುದ್ಧದ ಕಾಲದಲ್ಲಿ ಯಾವನೋ ಸಿಪಾಯಿ ಮುರಿದು ಹಾಕಿದ್ದಾನೆ. ಕಾಲ ಬಳಿ ಪುಟ್ಟ ಕಲ್ಲುನಾಯಿ. ಗಂಡನ ಹೆಸರಿನ ಕೆಳಗೆ ಹುಟ್ಟಿದ ದಿನ, ಸತ್ತ ದಿನ ಎರಡೂ ಇವೆ. ನಿನ್ನ ಹೆಸರಿನ ಕೆಳಗೆ ಹುಟ್ಟಿದ ದಿನ ಮಾತ್ರ, ಸತ್ತ ದಿನದ ಜಾಗ ಖಾಲಿ. ಗಂಡ ಸತ್ತ ವರ್ಷವೇ ನೀನು ಹಿತ್ತಿಲ ಬಾಗಿಲಿಂದ ಹೊರಟವಳು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಹೆಣ ಸಿಗಲಿಲ್ಲ, ದಿನ ಕೆತ್ತಲಿಲ್ಲ.

ದಿನ ಕೆತ್ತದವಳು ಸತ್ತಿಲ್ಲ ಎಂದು ಈ ಮನೆಯವರ ಲೆಕ್ಕ. ಭಾನುವಾರದ ಊಟಕ್ಕೆ ಮೇಜಿನ ಕೊನೆಯಲ್ಲಿ ನಿನಗೊಂದು ಕುರ್ಚಿ, ಒಂದು ತಟ್ಟೆ. ಅಡುಗೆಯ ಮಿಸೆಸ್ ಪ್ರೌಟ್ ಅದಕ್ಕೂ ಕುರಿಮಾಂಸ ಬಡಿಸಿ, ತೆಗೆಯುವಾಗ ನನಗೆ ಕಣ್ಣು ಮಿಟುಕಿಸುತ್ತಿದ್ದಳು. “ಲೇಡಿಯವರು ಇವತ್ತೂ ಮುಟ್ಲಿಲ್ಲ ನೋಡಿ. ಉಪ್ಪು ಜಾಸ್ತಿ ಆಯ್ತೋ ಏನೋ!” ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಮಗಳು ಹುಟ್ಟಿದ ಮೇಲೆ ನಗು ನಿಂತಿತು. ಅತ್ತೆ ಲಿಡಿಯಾ ತೊಟ್ಟಿಲ ಬಳಿ ಬಂದು ನಿಂತು, “ಮೊದಲ ಹೆಣ್ಣು ಅರಬೆಲ್ಲಾನೇ. ಈ ಮನೇಲಿ ಬೇರೆ ಹೆಸರಿಲ್ಲ” ಎಂದರು. ಚರ್ಚಿನ ಗೋಡೆಯ ಮೇಲೆ ಆ ಹೆಸರಿನ ಫಲಕಗಳು ಎಷ್ಟಿವೆ ಎಂದು ನಾನು ನೋಡಿದ್ದೆ. ಎಲ್ಲವೂ ಚಿಕ್ಕವು. ಎಲ್ಲವೂ ಮಕ್ಕಳವು. “ಆ ಹೆಸರಿಟ್ಟವರು ಒಬ್ರೂ ದೊಡ್ಡವರಾಗಿಲ್ಲವಲ್ಲ ಅತ್ತೆ!” ಎಂದೆ. “ಜ್ವರಕ್ಕೆ ಹೆಸರು ಗೊತ್ತಾಗುತ್ತೇನೇ? ವ್ಯಾಪಾರಸ್ಥರ ಮನೆಯವಳು ನೀನು, ನಿನಗೆ ವಂಶ ಅಂದರೆ ಏನು ತಿಳಿಯುತ್ತೆ” ಎಂದು ಬಾಯಿ ಮುಚ್ಚಿಸಿದರು. ನಾನು ಹಟಕ್ಕೆ ಬೆಲ್ ಎಂದು ಕರೆದೆ. ಆದರೆ ದೀಕ್ಷಾಸ್ನಾನದ ನೀರು ಬಿದ್ದಿದ್ದು ಅರಬೆಲ್ಲಾ ಎಂಬ ಹೆಸರಿಗೇ.

ನನ್ನ ಬೆಲ್ ಹೇಗಿದ್ದಳು ಗೊತ್ತೇ? ಬೋರಲು ಮಲಗಿ ಹೊದಿಕೆ ಒದೆಯುವವಳು. ಕಾಗದ ಕಂಡರೆ ಸಾಕು, ಮಡಚಿ ದೋಣಿ ಮಾಡುವವಳು. ಅವರಪ್ಪನಿಗೆ ಬಂದ ಪತ್ರಗಳೆಲ್ಲ ಕೊಳದಲ್ಲಿ ತೇಲುತ್ತಿದ್ದವು. ಅಕ್ಷರ ಮಾತ್ರ ಹತ್ತಲಿಲ್ಲ. ಎ, ಬಿ ದಾಟಿ ಮುಂದಕ್ಕೆ ಹೋದವಳಲ್ಲ.

ಹೋದ ತಿಂಗಳು ಗಂಟಲುಬೇನೆ ಬಂತು. ಡಾಕ್ಟರ್ ಪಾಮ್‌ಫ್ರಿ ನನ್ನ ಮುಖ ನೋಡುವುದನ್ನೇ ಬಿಟ್ಟಾಗ ನನಗೆ ತಿಳಿಯಿತು. ಆಗ ನಿನ್ನ ಆ ಖಾಲಿ ಜಾಗ ನೆನಪಾಯಿತು. ಅದು ತುಂಬಲಿ ಎಂದೇ ನೀನು ನಿನ್ನ ಹೆಸರಿನ ಒಬ್ಬೊಬ್ಬಳನ್ನೇ ಎಳೆದುಕೊಳ್ಳುತ್ತಿದ್ದೀಯೆ ಎನ್ನಿಸಿತು. ಸರಿ, ಆ ಜಾಗವನ್ನು ನಿನ್ನ ಸಾವಿನ ದಿನದಿಂದಲೇ ತುಂಬಿಸುತ್ತೇನೆ ಎಂದುಕೊಂಡು ಕಲ್ಲುಕುಟಿಗ ಈನಕ್‌ನ ಕೈ ಹಿಡಿದು ಚರ್ಚಿಗೆ ಎಳೆದುಕೊಂಡು ಹೋದೆ.

“ಇವರು ಸತ್ತ ದಿನ ಯಾರಿಗೂ ಗೊತ್ತಿಲ್ವಲ್ಲ ಅಮ್ಮಾವ್ರೇ, ಏನಂತ ಕೆತ್ಲಿ?” ಎಂದ.

“ಇವತ್ತಿನ ತಾರೀಖು ಕೆತ್ತು.”

“ಇನ್ನೂರು ಚಿಲ್ಲರೆ ವರ್ಷ ಬದುಕಿದ್ರು ಅಂತಾಗುತ್ತಲ್ಲ!”

“ಗಟ್ಟಿ ಜೀವ ಅಂತ ತಿಳ್ಕೋ. ಕೆತ್ತು ಅಂದ್ರೆ ಕೆತ್ತು!”

ಉಳಿಯ ಸದ್ದು ಪಕ್ಕದ ಬಂಗಲೆಗೂ ಕೇಳಿ ಅತ್ತೆ ಓಡಿ ಬಂದರು. ಕೊನೆಯ ಅಂಕಿ ಮುಗಿದಿತ್ತು. ಅವರು ಓದಿ, ನಿನ್ನ ಕಲ್ಲುಕಾಲನ್ನು ಹಿಡಿದುಕೊಂಡು ಕುಸಿದು ಕುಳಿತರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಮೆತ್ತಗೆ ಕೇಳಿದರು: “ಇವತ್ತು ಅರಬೆಲ್ಲಾ ಸತ್ತಳು ಅಂತ ಬರೆಸಿದ್ದೀಯಲ್ಲೇ ಹುಚ್ಚಿ, ಯಾವ ಅರಬೆಲ್ಲಾ ಅಂತ ಕಲ್ಲಿಗೆ ಹೇಳಿದ್ಯಾ?”

ನಾನು ಮನೆಗೆ ಓಡಿದೆ. ಕಾಲಿನ ಬೂಟು ಎಲ್ಲಿ ಕಳಚಿ ಬಿತ್ತೋ ತಿಳಿಯದು. ಮೆಟ್ಟಿಲ ಮೇಲೆ ಡಾಕ್ಟರು ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದರು. “ಉಸಿರು ನಿಂತೇ ಹೋಗಿತ್ತಮ್ಮ. ನಾನು ಕೈಬಿಟ್ಟಿದ್ದೆ. ಆಮೇಲೆ ತಾನಾಗೇ ಎದ್ದು ಕೂತಳು. ನನ್ನ ಸರ್ವಿಸಿನಲ್ಲೇ ಇಂಥದ್ದು ಕಂಡಿಲ್ಲ” ಎಂದರು. ನಾನು ಒಳಗೆ ಹೋಗಿ ಅವಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ಜ್ವರ ಬಿಟ್ಟಿತ್ತು. ಮೈ ತಣ್ಣಗಿತ್ತು, ಸಂತೋಷದಲ್ಲಿ ಅದು ಎಷ್ಟು ತಣ್ಣಗಿದೆ ಎಂಬುದು ಗಮನಕ್ಕೆ ಬರಲಿಲ್ಲ.

ಈಗ ಅವಳು ಬೋರಲು ಮಲಗುವುದಿಲ್ಲ. ಅಂಗಾತ ಮಲಗಿ, ಎದೆಯ ಮೇಲೆ ಅಂಗೈ ಜೋಡಿಸುತ್ತಾಳೆ. ಬೆಳಿಗ್ಗೆ ನೋಡಿದರೂ ಹಾಗೆಯೇ, ಹೊದಿಕೆಯಲ್ಲಿ ಒಂದು ಸುಕ್ಕಿಲ್ಲ. ಎಡಗೈಯ ಕಿರುಬೆರಳನ್ನು ಒಳಕ್ಕೆ ಮಡಚಿಕೊಂಡೇ ಇರುತ್ತಾಳೆ. ಮೊನ್ನೆ ನಾನು ದೀಪ ಹಿಡಿದು ಮಲಗಿಸಲು ಹೋದಾಗ ಕೇಳಿದಳು: “ಕಾಲ ಹತ್ರ ನಾಯಿ ಇರ್ತಿತ್ತಲ್ಲ, ಎಲ್ಲಿ ಹೋಯ್ತು?” ಈ ಮನೆಯಲ್ಲಿ ನಾವು ನಾಯಿ ಸಾಕಿದ್ದೇ ಇಲ್ಲ. ಭಾನುವಾರ ಊಟಕ್ಕೆ ಯಾರೂ ಹೇಳದೆ ಮೇಜಿನ ಕೊನೆಯ ಕುರ್ಚಿಗೆ ಹೋಗಿ ಕುಳಿತಳು. ತಟ್ಟೆ ಖಾಲಿ ಮಾಡಿದಳು. “ಉಪ್ಪು ಸರಿಯಾಗಿದೆ” ಎಂದಳು. ಮಿಸೆಸ್ ಪ್ರೌಟ್‌ಳ ಕೈಯಿಂದ ಸಾರಿನ ಪಾತ್ರೆ ಬಿತ್ತು. ಮಾರನೆಯ ದಿನವೇ ಆ ಅಡುಗೆಯವಳು ಗಂಟುಮೂಟೆ ಕಟ್ಟಿ ಹೊರಟಳು. ಆಂಬ್ರೋಸ್ ಮಾತ್ರ, “ಬದುಕಿ ಬಂದಳಲ್ಲ, ಇನ್ನೇನು ಬೇಕು ನಿನಗೆ?” ಎನ್ನುತ್ತಾನೆ.

ನಿನ್ನೆ ಮತ್ತೆ ಈನಕ್‌ನ ಹತ್ತಿರ ಹೋದೆ. ಆ ತಾರೀಖನ್ನು ಅಳಿಸು ಎಂದು ಬೇಡಿದೆ. “ಕೆತ್ತಿದ್ದನ್ನ ಅಳಿಸೋಕೆ ಬರಲ್ಲ ಅಮ್ಮಾವ್ರೇ. ಉಜ್ಜಿದಷ್ಟೂ ಆಳಕ್ಕೆ ಹೋಗಬೇಕು, ಅಷ್ಟೇ” ಎಂದ. ಆಡಿದ ಮಾತನ್ನಾದರೂ ನುಂಗಿಕೊಳ್ಳಬಹುದಿತ್ತು.

ಅರಬೆಲ್ಲಾ, ನಿನ್ನ ಮೇಲೆ ಸಿಟ್ಟಿದೆ ಎಂದುಕೊಂಡೇ ಬರೆಯಲು ಕುಳಿತೆ. ಸಿಟ್ಟು ಇಲ್ಲ. ಭಯ ಇದೆ, ಅದಕ್ಕಿಂತ ಹೆಚ್ಚಾಗಿ ಆಸೆ ಇದೆ. ನಾನು ತಪ್ಪು ತಿಳಿದಿರಬಹುದು. ಜ್ವರ ಬಂದು ಹೋದ ಮಕ್ಕಳು ಬದಲಾಗುತ್ತಾರೆ ಎಂದು ಡಾಕ್ಟರೂ ಹೇಳುತ್ತಾರೆ. ಅದಕ್ಕೇ ಈ ಕಾಗದವನ್ನು ಮಧ್ಯಾಹ್ನದ ತಟ್ಟೆಯ ಕೆಳಗೆ ಇಟ್ಟು ಬಾಗಿಲ ಹಿಂದೆ ನಿಲ್ಲುತ್ತೇನೆ. ನನ್ನ ಬೆಲ್ ಆಗಿದ್ದರೆ ಇದನ್ನು ಮಡಚಿ ದೋಣಿ ಮಾಡುತ್ತಾಳೆ. ನೀನಾಗಿದ್ದರೆ ಓದುತ್ತೀಯೆ.

ಇಲ್ಲಿಯವರೆಗೆ ಓದಿದ್ದೀಯಾ? ಹಾಗಾದರೆ ನಿನ್ನ ಕಾಲಿಗೆ ಬೀಳುತ್ತೇನೆ, ತಲೆ ಎತ್ತಿ ನನ್ನ ಕಡೆ ನೋಡಬೇಡ. ಕುರ್ಚಿ ನಿನ್ನದೇ, ತಟ್ಟೆ ನಿನ್ನದೇ, ನಾಳೆ ನಾಯಿಯನ್ನೂ ತರಿಸುತ್ತೇನೆ. ಈಗ ಈ ಕಾಗದವನ್ನು ಎರಡು ಕಡೆಯಿಂದ ಮೂಲೆ ಸೇರಿಸಿ ಮಡಚು. ಮತ್ತೆ ಅರ್ಧಕ್ಕೆ ಮಡಚು. ಬೆಲ್ ಹಾಗೆಯೇ ಮಾಡುತ್ತಿದ್ದಳು. ಬಾರದಿದ್ದರೂ ಹೇಗಾದರೂ ಒಂದು ದೋಣಿ ಮಾಡು, ನಾನು ನೋಡುತ್ತಿದ್ದೇನೆ.

ಈ ಸಲವಾದರೂ ದೊಡ್ಡವಳಾಗು, ನೂರು ಕಾಲ ಬಾಳು, ಯಾರೇ ಆಗಿರು.

ಇಂತಿ,
ನಿನ್ನ ಅಮ್ಮ
ಹೆಸ್ಟರ್