ನೀನು ಕೇಳಿದ ಫೋಟೊ

೧೨ ಜುಲೈ

ಪ್ರೀತಿಯ ಗುಬ್ಬಿಗೆ,

ನಿನ್ನ ಭಾವನ ಆಶೀರ್ವಾದಗಳು. ಮೊಮ್ಮಕ್ಕಳಾದ ಮೇಲೂ ಗುಬ್ಬಿ ಎನ್ನುತ್ತೇನೆಂದು ಮುನಿಯಬೇಡ. ನಿನ್ನ ಅಕ್ಕ ಇಟ್ಟ ಹೆಸರು, ತಿದ್ದುವ ಅಧಿಕಾರ ನನಗಿಲ್ಲ. ಅವಳು ತೀರಿಹೋಗಿ ಹನ್ನೊಂದು ವರ್ಷವಾಯಿತು, "ನಮ್ಮ ಮನೆಯಲ್ಲಿ ಅಕ್ಕನದೊಂದು ದೊಡ್ಡ ಫೋಟೊ ಇಲ್ಲ, ಮಾಡಿ ಕಳಿಸಿ" ಎಂದು ನೀನು ಬರೆದು ನಾಲ್ಕು ತಿಂಗಳು. ಇವತ್ತು ನಾಳೆ ಎನ್ನುತ್ತಾ ತಳ್ಳಿಬಿಟ್ಟೆ. ತಪ್ಪು ನನ್ನದೇ, ಬೈದುಕೋ.

ಈ ತಿಂಗಳ ಕೊನೆಗೆ ಸ್ಟುಡಿಯೊ ಮುಚ್ಚುತ್ತಿದ್ದೇನೆ. ಆ ಜಾಗಕ್ಕೆ ಔಷಧದ ಅಂಗಡಿ ಬರುತ್ತದಂತೆ. ಕಿಟಕಿ ಪಕ್ಕದ ಓರೆ ಮೇಜು ನಿನಗೆ ನೆನಪಿರಬೇಕು. ಅದರ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಚೂಪಾದ ಪೆನ್ಸಿಲಿನಿಂದ ಊರಿನವರ ಮೊಡವೆ, ಸುಕ್ಕು, ಕಲೆಗಳನ್ನೆಲ್ಲ ಮುಚ್ಚುತ್ತಿದ್ದೆ. ನೆಗೆಟಿವನ್ನು ಮಗುಚಿ ಇಟ್ಟರೇ ಪೆನ್ಸಿಲ್ ಹತ್ತುವುದು. ಹಾಗಾಗಿ ನನಗೆ ಊರಿನವರೆಲ್ಲ ಎಡ ಬಲ ಅದಲುಬದಲಾಗಿಯೇ ಪರಿಚಯ. ರಸ್ತೆಯಲ್ಲಿ ಎದುರಾದರೆ ಇವರ ಬೈತಲೆ ಯಾಕೆ ಆ ಕಡೆ ಹೋಯಿತು ಎಂದು ಗಲಿಬಿಲಿಯಾಗುತ್ತಿತ್ತು.

ಮೊನ್ನೆ ಹಳೆಯ ಪ್ರಿಂಟುಗಳ ಕಟ್ಟು ಬಿಚ್ಚಿದಾಗ ಹೆಡ್‌ಮಾಸ್ತರರು ಸಿಕ್ಕರು. ಅವರ ಬೋಳುತಲೆಗೆ ಕುಂಚದಿಂದ ಕೂದಲು ಬರೆದುಕೊಟ್ಟಿದ್ದೆ. ಮರುದಿನವೇ ಅವರ ಹೆಂಡತಿ ಬಂದು, "ಇದ್ಯಾರು ಅಂತ ನೆಂಟರು ಕೇಳ್ತಾರೆ. ಅವರ ತಲೆ ಅವರಿಗೇ ವಾಪಸ್ ಕೊಡಿ" ಎಂದಿದ್ದರು. ನಿನ್ನ ಅಕ್ಕ ಪರದೆಯ ಹಿಂದೆ ನಿಂತು ನಕ್ಕಿದ್ದೇ ನಕ್ಕಿದ್ದು.

ಈಗಿನ ಗಿರಾಕಿಗಳಿಗೆ ನಾನೇ ಬೇಡ. ಹೋದ ವಾರ ಬಂದ ನರ್ಸ್ ಹುಡುಗಿ ಫೋನಿನಲ್ಲಿ ತಾನೇ ಮುಖ ನುಣ್ಣಗೆ ಮಾಡಿಕೊಂಡು, "ಹಿಂಗೇ ಬರ್ಬೇಕು ಅಂಕಲ್" ಎಂದಳು. ಇವರಿಗೆ ಸಂಕೋಚವೇ ಇಲ್ಲ ಎಂದು ಪಕ್ಕದ ಅಂಗಡಿಯ ಟೈಲರ್ ಗೊಣಗಿದ. ತನ್ನ ಮದುವೆಗೆ ಮುಂಚೆ ನನ್ನ ಕೈಲಿ ಮೂಗು ಸಣ್ಣ ಮಾಡಿಸಿಕೊಂಡವನು ಅವನೇ. ಮನುಷ್ಯರು ಆಗಲೂ ಹೀಗೆಯೇ ಇದ್ದರು ಗುಬ್ಬಿ, ಕಿವಿಯ ಹತ್ತಿರ ಬಂದು ಪಿಸುಗುಟ್ಟುತ್ತಿದ್ದರು, ಅಷ್ಟೆ. ಆ ಪಿಸುಮಾತು ಮಾತ್ರ ನನಗೆ ಬಹಳ ನೆನಪಾಗುತ್ತದೆ. ನನ್ನನ್ನು ನಂಬಿ ತಮ್ಮ ಮುಖದ ಹುಳುಕನ್ನು ನನ್ನ ಕೈಗೆ ಕೊಡುತ್ತಿದ್ದರು.

ನಿನಗಾಗಿ ಆರಿಸಿದ ಫೋಟೊದಲ್ಲಿ ನಿನ್ನ ಅಕ್ಕ ಸ್ಟುಡಿಯೊದ ಕುರ್ಚಿಯ ತುದಿಯಲ್ಲಿ ಕೂತು ನಗು ತಡೆದುಕೊಂಡಿದ್ದಾಳೆ. ಬೇಗ ಕಳಿಸುತ್ತೇನೆ. ನಿನ್ನ ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತಿಳಿಯುವುದು ಕಡಿಮೆ ಮಾಡು. ಮಕ್ಕಳು ಮೊಮ್ಮಕ್ಕಳೊಂದಿಗೆ ನೂರು ಕಾಲ ಚೆನ್ನಾಗಿರು.

ಇತಿ,
ನಿನ್ನ ಭಾವ

ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ. ಫೋಟೊ ತಡವಾದದ್ದು ಉದಾಸೀನದಿಂದಲ್ಲ. ಮಗುವಾಗಿದ್ದ ನಿನ್ನನ್ನು ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಬಿದ್ದು ನಿನ್ನ ಅಕ್ಕನ ಕೆನ್ನೆಗೆ ಪೆಟ್ಟಾಗಿತ್ತಲ್ಲ, ಅಕ್ಕಿಕಾಳಿನಷ್ಟು ಕಲೆ. ಕ್ಯಾಮೆರಾ ಮುಂದೆ ಕೂತಾಗಲೆಲ್ಲ "ಅದನ್ನ ಮುಟ್ಬೇಡಿ, ಅದು ನಮ್ಮ ಗುಬ್ಬೀದು" ಎನ್ನುತ್ತಿದ್ದಳು. ನಾನು ಕೈಚಳಕದ ಜಂಬದಲ್ಲಿ ಪ್ರತಿ ಸಲವೂ ಅಳಿಸಿದೆ. ಮದುವೆಯ ಫೋಟೊದಿಂದ ಕೊನೆಯದರವರೆಗೆ ಒಂದರಲ್ಲೂ ಅದಿಲ್ಲ, ನೆಗೆಟಿವ್‌ಗಳೂ ಉಳಿದಿಲ್ಲ. ನಿನಗೆ ಕಳಿಸುವುದರಲ್ಲಾದರೂ ಅದನ್ನು ವಾಪಸ್ ಬರೆಯೋಣವೆಂದು ಕುಂಚ ಹಿಡಿದು ಕೂತೆ. ಯಾವ ಕೆನ್ನೆಯೆಂದು ನೆನಪಾಗುತ್ತಿಲ್ಲ ಗುಬ್ಬಿ. ಮೂವತ್ತೊಂದು ವರ್ಷ ಅವಳ ಎದುರು ಕೂತು ಉಂಡಿದ್ದೇನೆ. ಕಣ್ಣು ಮುಚ್ಚಿದರೆ ಒಮ್ಮೆ ಈ ಕಡೆ ಕಾಣುತ್ತದೆ, ಒಮ್ಮೆ ಆ ಕಡೆ. ಕೇಳೋಣವೆಂದರೆ ನಮಗೆ ಮಕ್ಕಳಿಲ್ಲ. ಎಡವೋ ಬಲವೋ, ಅಷ್ಟು ಬರೆದು ಹಾಕು. ಬೈಯುವುದಿದ್ದರೆ ಆಮೇಲೆ ಬೈ.