ಕಿತ್ತಳೆಯ ಪಕ್ಕ ಕೆಂಪು

ಅಮ್ಮಾ,

ಇವತ್ತು ರರೋಟೊಂಗ ದ್ವೀಪದ ನಮ್ಮ ಚರ್ಚಿನ ಜಗಲಿಯಲ್ಲಿ ಹೊಸ ಕೌದಿಗೆ ಕೂತೆವು. ನಿನ್ನ ಜಾಗದಲ್ಲಿ ಬಣ್ಣ ಕೂಗಲು ನನ್ನನ್ನು ಕೂರಿಸಿದರು. ನಾನು ಬಣ್ಣ ಕೂಗಬೇಕು, ಹೆಂಗಸರು ಆ ಬಣ್ಣದ ಬಟ್ಟೆಚೂರನ್ನು ಅದೇ ಸಾಲಿನಲ್ಲಿ ದಾರಕ್ಕೆ ಪೋಣಿಸಬೇಕು.

"ಬಿಳಿ," ಎಂದೆ. "ತಿಳಿನೀಲಿ. ಬೂದು."

ಆಕಾಯಿತಿ ಅತ್ತೆಯ ಸೂಜಿ ನಿಂತಿತು. "ಏನೇ ಇದು, ಕೌದಿನೋ, ಕಾಯ್ಲೆಯೋರಿಗೆ ಕಾಸೋ ಆರಾರೂಟು ಗಂಜಿನೋ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಕಿತ್ತಳೆಯ ಪಕ್ಕ ಕೆಂಪಿಟ್ಟು ನೀನು ನನ್ನ ಮದುವೆಗೆಂದು ಹೊಲಿದ ಕೌದಿಯನ್ನು, ಕಣ್ಣಿಗೆ ಹೊಡೆಯುತ್ತದೆ ಎಂದು ನಾನು ಆಕ್ಲೆಂಡಿಗೆ ಹೋಗುವಾಗ ಒಯ್ಯಲಿಲ್ಲ. ನೀನು ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟೆ. ಹೋದ ತಿಂಗಳು ನಾನು ಬಂದ ಮೇಲೆ, ಅದನ್ನೇ ನಿನಗೆ ಹೊದಿಸಿ ಮಣ್ಣು ಮಾಡಿದೆವು. ಬಿಸಿಲಿಗೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಗೊತ್ತೇ?

ಪೋಣಿಸಿದ್ದನ್ನೆಲ್ಲ ಬಿಚ್ಚಿಸಿದೆ. "ಕಿತ್ತಳೆ!" ಎಂದು ಕೂಗಿದೆ. "ಕೆಂಪು!"

ಅತ್ತೆ ತಲೆಯೆತ್ತದೆ, ಹಲ್ಲಲ್ಲಿ ದಾರ ಕಡಿಯುತ್ತಾ ಅಂದರು: "ಆಯ್ತು ಕಣೇ ತೆಪಾಯೆರು, ಸ್ವಲ್ಪ ನಿಧಾನಕ್ಕೆ ಕೂಗು."

ಅವರ ಬಾಯಿಗೆ ಬಂದದ್ದು ನಿನ್ನ ಹೆಸರು. ಯಾರೂ ತಿದ್ದಲಿಲ್ಲ. ನಾನು ನಿಧಾನಕ್ಕೆ ಕೂಗಿದೆ.